ಅಗ್ಗದ ರೀಲಿನ ಬಿಳಿ ಸೀರೆ

ಫೋಟೋ ಸ್ಟುಡಿಯೋ ಇಟ್ಟವನ ಹಣೆಬರಹವೇ ಇಷ್ಟು. ಎದುರಿಗೆ ಕೂತವರ ಮುಖ ಸರಿಯಾಗಿ ಬರಲ್ಲ, ಯಾರೂ ಕರೆಯದ ಮುಖ ಬಂದು ನಿಂತಿರುತ್ತೆ. ಎಂಬತ್ತರ ದಶಕದಲ್ಲಿ ನನ್ನ ಸಂಜಯನಗರದ ಸ್ಟುಡಿಯೋದಲ್ಲಿ ಇದು ಒಂದು ಸಲ ಆಗಿದ್ದರೆ ಮರೆತುಬಿಡ್ತಿದ್ದೆ. ಸಾಲಾಗಿ ಆಯ್ತು ಕಣ್ರೀ.

೧. ಗೃಹಪ್ರವೇಶಕ್ಕೆ ಬಂದವರು

ಆಗ ಕಲರ್ ಫೋಟೋ ಅಂದರೆ ಜನಕ್ಕೆ ಹುಚ್ಚು, ಕಲರ್ ರೀಲಿನ ಬೆಲೆ ಕೇಳಿದರೆ ನನಗೆ ಜ್ವರ. ಪೇಟೆಯ ಕ್ಯಾಮೆರಾ ಅಂಗಡಿಯವನೊಬ್ಬ ತನ್ನದೇ ಹೆಸರು ಹಾಕಿ ಅಗ್ಗದ ಕಲರ್ ರೀಲು ಮಾರೋಕೆ ಶುರು ಮಾಡಿದ. ಡಬ್ಬಿ ಮೇಲೆ ಅಂಗಡಿ ಹೆಸರು ಬಿಟ್ಟರೆ ಇನ್ನೇನೂ ಇಲ್ಲ. ಇದನ್ನ ಮಾಡೋರು ಯಾರು ಅಂತ ಕೇಳಿದೆ. ಫಾರಿನ್ನು ಅಂದ. ಯಾವ ದೇಶ ಅಂದೆ. ಫಾರಿನ್ನೇ ಸಾರ್ ಅಂದ. ಒಂದಷ್ಟು ತಗೊಂಡೆ.

ಮೊದಲ ರೀಲು ಹಾಕಿದ್ದು ಸಹಕಾರನಗರದ ಒಂದು ಗೃಹಪ್ರವೇಶಕ್ಕೆ. ಹಾಲು ಉಕ್ಕಿಸುವ ಫೋಟೋದಲ್ಲಿ ಒಲೆಯ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಬಿಳಿ ಸೀರೆ, ಬಿಚ್ಚಿದ ಕೂದಲು, ಮುಖ ಮಂಜು ಮಂಜು. ಅವಳ ಮೈಯೊಳಗಿಂದ ಹಿಂದಿನ ಗೋಡೆ ಕಾಣುತ್ತಿತ್ತು. ಫೋಟೋ ತೆಗೆಯುವಾಗ ಅಲ್ಲಿ ಯಾರೂ ಇರಲಿಲ್ಲ, ಆಣೆ ಮಾಡಿ ಹೇಳ್ತೀನಿ. ಬಚ್ಚಿಡೋಣ ಅಂದರೆ ಹಾಲುಕ್ಕಿದ ಫೋಟೋ ಅದೊಂದೇ.

ಮನೆ ಯಜಮಾನರು ಅದನ್ನು ನೋಡಿ ಬೆವೆತು ಹೋದರು. ಅವರ ಹೆಂಡತಿ ಫೋಟೋ ಕಿತ್ತುಕೊಂಡು ನೋಡಿ ಗಂಡನಿಗೇ ಬೈದರು. "ಯಾರೋ ಪಾಪ, ಅಷ್ಟು ದೂರದಿಂದ ಬಂದಿದಾರೆ. ಊಟ ಆಯ್ತಾ ಅಂತ ಒಂದು ಮಾತು ಕೇಳ್ಲಿಲ್ವಲ್ರೀ ನೀವು."

೨. ಓವರ್‌ಟೈಮ್

ತಪ್ಪು ನನ್ನ ಕ್ಯಾಮೆರಾದ್ದು ಅಂದುಕೊಂಡೆ. ನನ್ನ ಮನೆಯಾಕೆ ಅದಕ್ಕೆ ನಿಂಬೆಹಣ್ಣು ನಿವಾಳಿಸಿ ಬೀದಿಗೆ ಎಸೆದಳು. ಆಮೇಲೆ ಜಾಲಹಳ್ಳಿ ಕಡೆಯ ಫ್ಯಾಕ್ಟರಿಯೊಂದರಲ್ಲಿ ಹುಬ್ಬಳ್ಳಿಯ ಫೋರ್‌ಮನ್ ಒಬ್ಬರು ರಿಟೈರ್ ಆದರು, ಗ್ರೂಪ್ ಫೋಟೋ ತೆಗೆದೆ. ಹಾರ ಹಾಕಿಕೊಂಡು ಕೂತ ಫೋರ್‌ಮನ್ನರ ಬೆನ್ನ ಹಿಂದೆಯೇ ಅದೇ ಹೆಂಗಸು, ಅದೇ ಸೀರೆ. ಆ ಸೆಕ್ಷನ್ನಿನಲ್ಲಿ ಹೆಂಗಸರು ಇರಲೇ ಇಲ್ಲ.

ಫೋಟೋ ಕೊಡಲು ಮನೆಗೆ ಹೋದಾಗ ಫೋರ್‌ಮನ್ನರು ನಡುಗುತ್ತಾ, ಇದು ದೆವ್ವ, ನಾನು ಈಕೆಯನ್ನು ಕಂಡೇ ಇಲ್ಲ ಅಂತ ದೇವರ ಮೇಲೆ ಆಣೆ ಇಟ್ಟರು. ಅವರ ಹೆಂಡತಿ ಒಂದಿಷ್ಟೂ ಹೆದರಲಿಲ್ಲ. "ಇಷ್ಟ್ ವರ್ಷ ಓವರ್‌ಟೈಮ್ ಓವರ್‌ಟೈಮ್ ಅಂತಿದ್ರಿ. ಅಷ್ಟ್ ಮಂದಿ ಒಳಗ ಈಕಿ ನಿಮ್ಮ ಹಿಂದನ ಯಾಕ್ ನಿಂತಾಳ?"

೩. ಗೌಡರ ಮಗಳು

ಮೂರನೆಯದಕ್ಕೆ ನಗು ಬರಲಿಲ್ಲ. ನನ್ನ ಸ್ಟುಡಿಯೋ ಇದ್ದದ್ದು ಸಂಜಯನಗರದ ಹಳೇ ಗೌಡರ ಕಟ್ಟಡದಲ್ಲಿ. ಅವರ ಮಗಳಿಗೆ ದೇವನಹಳ್ಳಿ ಕಡೆಯಿಂದ ಸಂಬಂಧ ಬಂದಿತ್ತು, ಗಂಡಿನವರಿಗೆ ಕಳಿಸಲು ಫೋಟೋ ಬೇಕು ಅಂದರು. ತೆಗೆದೆ. ಲ್ಯಾಬಿನಿಂದ ಪ್ರಿಂಟು ಬಂದ ದಿನ ನಾನು ಊಟಕ್ಕೆ ಹೋಗಿದ್ದೆ. ಸಂಬಂಧ ತಂದ ನೆಂಟರು ಬಂದರಂತೆ, ನನ್ನಾಕೆ ಒಂದು ಕಾಪಿ ಕೊಟ್ಟು ಕಳಿಸಿದಳಂತೆ. ನಾನು ಬಂದು ಉಳಿದ ಕಾಪಿ ನೋಡಿದೆ. ಹುಡುಗಿಯ ಹಿಂದೆ ಆ ಹೆಂಗಸು. ಈ ಸಲ ಅವಳ ಕೈ ಹುಡುಗಿಯ ಹೆಗಲ ಮೇಲಿತ್ತು.

ಗೌಡರು ಫೋಟೋವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನಮ್ಮವ್ವ ಕಣಪ್ಪ," ಅಂದರು. "ಸತ್ತೋಳು ಯಾಕಿಂಗೆ ಬಂದು ನಿಂತವ್ಳೆ?" ಒಳಗೆ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಭಾನುವಾರ ಗಂಡಿನವರು ಬರುವವರಿದ್ದರು. ದೆವ್ವ ಹಿಡಿದ ಹೆಣ್ಣು ಅಂತ ಅವರು ವಾಪಸು ಹೋದರೆ ಮತ್ತೆ ಯಾರು ಆ ಮನೆ ಮೆಟ್ಟಿಲು ಹತ್ತುತ್ತಾರೆ? ಭಾನುವಾರದೊಳಗೆ ಇದೇನು ಅಂತ ಕಂಡುಹಿಡಿಯಲೇಬೇಕಿತ್ತು.

ಲ್ಯಾಬಿಗೆ ಓಡಿದೆ. ಲ್ಯಾಬಿನವನು ನನಗಾಗಿಯೇ ಕಾಯುತ್ತಿದ್ದ. ನಿಮ್ಮ ರೀಲು ತೊಳೆದರೆ ನನ್ನ ಔಷಧಿಯೆಲ್ಲ ಕಾಡಿಗೆ ಆಗುತ್ತೆ, ಇದು ಫೋಟೋ ಫಿಲ್ಮೇ ಅಲ್ಲ, ಸಿನಿಮಾ ಫಿಲ್ಮು, ಅದರ ಬೆನ್ನಿಗೆ ಕಪ್ಪು ಬಳಿದಿರ್ತಾರೆ ಅಂತ ಬೈದ. ಅಂದರೆ ಕಾಟ ಕ್ಯಾಮೆರಾದಲ್ಲಿಲ್ಲ, ರೀಲಿನಲ್ಲಿದೆ. ಗೌಡರನ್ನು ಕರೆದುಕೊಂಡು ಪೇಟೆಯ ಅಂಗಡಿಗೆ ಹೋದೆ. ಅಂಗಡಿಯವನು ಗೌಡರ ಮೀಸೆ ನೋಡಿದ. ಫಾರಿನ್ನು ಅಂದರೆ ಶೆಟ್ಟಿಹಳ್ಳಿ ಅಂತ ಒಪ್ಪಿಕೊಂಡ.

೪. ಬಾಗಿಲು ತೆಗೀಬೇಡಿ

ಶೆಟ್ಟಿಹಳ್ಳಿಯಲ್ಲಿ ರಾಗಿ ಹೊಲಗಳಾಚೆ ಒಂಟಿ ಮನೆ. ಮಟಮಟ ಮಧ್ಯಾಹ್ನ, ಒಂದು ನರಪಿಳ್ಳೆ ಇಲ್ಲ. ಕಿಟಕಿಗಳಿಗೆಲ್ಲ ಒಳಗಿಂದ ಕಪ್ಪು ಕಾಗದ ಅಂಟಿಸಿತ್ತು. ಒಳಗೆ ಬಳೆ ಸದ್ದು, ಪಿಸುಮಾತು. ಬಾಗಿಲು ತಟ್ಟಿದೆ, ಎರಡೂ ನಿಂತುಹೋದವು. ಆಮೇಲೆ ಒಂದು ಹೆಣ್ಣು ದನಿ ಬಂತು. "ಬಾಗಿಲು ತೆಗೀಬೇಡಿ. ನಮಗೆ ಬೆಳಕು ಆಗಲ್ಲ."

ಗೌಡರು ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಒದ್ದೆಯಾಗಿತ್ತು, ನನ್ನದೇನೂ ಒಣಗಿರಲಿಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಕತ್ತಲೆಯಿಂದ ಹೊಸಿಲಿಗೆ ಬಂದು ನಿಂತವಳು ಅವಳೇ. ಬಿಳಿ ಸೀರೆ, ಬಿಚ್ಚಿದ ಕೂದಲು. ಗೌಡರು "ಅವ್ವಾ" ಅಂತ ಉದ್ದಕ್ಕೆ ಬಿದ್ದು ಅವಳ ಕಾಲು ಹಿಡಿದರು.

"ಏಳಿ ಯಜಮಾನ್ರೇ," ಅಂತ ಆಕೆ ಹಿಂದಕ್ಕೆ ಸರಿದರು. "ಸೀಗೆಕಾಯಿ ಹಾಕಿ ತಲೆಗೆ ಸ್ನಾನ ಮಾಡಿದ್ದೆ, ಕೂದ್ಲು ಒಣಗಿಲ್ಲ."

ಹಿಂದೆಯೇ ಅವರ ಗಂಡ ಬಂದ, ಸಿನಿಮಾದವರ ಸ್ಟಿಲ್ ಫೋಟೋಗ್ರಾಫರ್. ಶೂಟಿಂಗಿನಲ್ಲಿ ಉಳಿದ ಫಿಲ್ಮಿನ ತುಂಡುಗಳನ್ನು ತಂದು, ಮನೆಮಂದಿಯೆಲ್ಲ ಕತ್ತಲಲ್ಲಿ ಕೂತು ಕೈಯಲ್ಲೇ ಸುತ್ತಿ ರೀಲು ಮಾಡುತ್ತಿದ್ದರು, ಹಪ್ಪಳ ಸಂಡಿಗೆ ಮಾಡಿದ ಹಾಗೆ. ಅರ್ಧಕ್ಕೆ ನಿಂತ ಒಂದು ದೆವ್ವದ ಪಿಕ್ಚರ್‌ನಲ್ಲಿ ಹೆಂಡತಿಯೇ ದೆವ್ವ, ಆ ಸೀರೆಯನ್ನೇ ಈಗ ಮನೆಯಲ್ಲಿ ಉಡುತ್ತಿದ್ದರು. ಆ ಸ್ಟಿಲ್‌ಗಳ ರೀಲುಗಳು ತೊಳೆಸದೆ ಹಾಗೇ ಮನೆಯಲ್ಲಿದ್ದವು. ಹೊಸ ರೀಲಾದರೆ ಫಿಲ್ಮಿನ ನಾಲಿಗೆ, ಅಂದರೆ ತುದಿ, ಹೊರಗೆ, ತೆಗೆದು ಮುಗಿಸಿದ್ದಾದರೆ ಒಳಗೆ, ಇದು ನಮ್ಮ ಕಸುಬಿನ ಗುರುತು. ಅವನ ತಾಯಿಗೆ ಅದು ಗೊತ್ತಿಲ್ಲ. ಸೊಸೆ ಕೆಲಸ ಅಚ್ಚುಕಟ್ಟಾಗಿಲ್ಲ ಅಂತ ಬೈದುಕೊಂಡು, ಒಳಗೆ ಹೋದ ನಾಲಿಗೆಗಳನ್ನೆಲ್ಲ ಹೊರಗೆಳೆದು ಡಬ್ಬಿಗೆ ತುಂಬಿಟ್ಟಿದ್ದರು. ಅದೇ ರೀಲಿನ ಮೇಲೆ ನಾನು ಮತ್ತೆ ಫೋಟೋ ತೆಗೆದಿದ್ದೆ, ಎರಡೂ ಒಂದರ ಮೇಲೊಂದು ಬಂದಿದ್ದವು. ವಾಪಸು ಬರುವಾಗ ಗೌಡರು ಬಸ್ಸಲ್ಲಿ ಒಂದೇ ಮಾತಾಡಿದ್ದು, ಕಾಲಿಗೆ ಬಿದ್ದದ್ದನ್ನ ಮನೇಲಿ ಹೇಳಬೇಡ ಅಂತ.

೫. ಭಾನುವಾರ

ಭಾನುವಾರ ಎಲ್ಲ ಬಿಡಿಸಿ ಹೇಳಲು ಗೌಡರ ನಡುಮನೆಯಲ್ಲಿ ಸಿದ್ಧವಾಗಿ ನಿಂತೆ. ನಾನು ಬಾಯಿ ಬಿಡುವ ಮೊದಲೇ ಗಂಡಿನ ತಾಯಿ ಸೆರಗಿನೊಳಗಿಂದ ಆ ಫೋಟೋ ತೆಗೆದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು.

"ಎಣ್ಣಿನ ಎಗಲ ಮ್ಯಾಲೆ ಅಜ್ಜಿ ಕೈ ಮಡಗವ್ಳೆ," ಅಂದರು. "ಇರೀಕ್ರ ಆಶೀರ್ವಾದ ಇಂಗೆ ಕಣ್ಣಿಗೆ ಕಾಣೋ ಮನೆ ಇನ್ನೆಲ್ಲಿ ಸಿಕ್ಕಾತು? ಅದ್ಕೇ ನಾವು ಒಪ್ಪಿರೋದು."

"ಅಮ್ಮಾ, ಅದು ಸಿನಿಮಾ…" ಅಂತ ಶುರು ಮಾಡಿದೆ. ಗೌಡರು ನನ್ನ ಕಾಲು ತುಳಿದರು. ಬಾಗಿಲ ಸಂದಿಯಿಂದ ಹುಡುಗಿ ಕಣ್ಣಲ್ಲೇ ಕೈಮುಗಿಯುತ್ತಿದ್ದಳು. ಸಿನಿಮಾದಲ್ಲೂ ಇಂಥದ್ದು ನೋಡಿಲ್ಲ ಅಂತ ಮುಗಿಸಿದೆ.

ತಾಂಬೂಲಕ್ಕೆ ಕೈ ಚಾಚುವಾಗ ಆ ತಾಯಿ ನನ್ನ ಕಡೆ ತಿರುಗಿದರು. ಮದುವೆ ಫೋಟೋನೂ ಅದೇ ರೀಲಿನಲ್ಲಿ ತೆಗೆಯಬೇಕು, ಬರೀ ಹೆಣ್ಣಿನ ಕಡೆಯವರೇ ಬಂದರೆ ಹೆಂಗೆ, ತೀರಿಕೊಂಡ ನಮ್ಮ ಮಾವನೋರೂ ಬರಬೇಕು ಅಂದರು. ಬರಲಿಲ್ಲ ಅಂದರೆ ಈ ಸಂಬಂಧ ಅವರಿಗೆ ಇಷ್ಟ ಇಲ್ಲ ಅಂತ ಅರ್ಥವಂತೆ. ಗೌಡರು ನನ್ನ ಮುಖ ನೋಡಿದರು. ಹುಡುಗಿಯೂ ನೋಡಿದಳು. ಬರ್ತಾರೆ ಅಂದುಬಿಟ್ಟೆ.

ಮಾರನೇ ದಿನ ಮತ್ತೆ ಶೆಟ್ಟಿಹಳ್ಳಿ. ನಾಚಿಕೆ ಬಿಟ್ಟು ಆ ಮನುಷ್ಯನನ್ನು ಕೇಳಿದೆ, ನಿಮ್ಮ ಪಿಕ್ಚರ್‌ನಲ್ಲಿ ವಯಸ್ಸಾದ ದೆವ್ವ ಯಾರಾದ್ರೂ ಇದ್ರಾ ಅಂತ. ಅವನು ನಗಲಿಲ್ಲ. ಕತ್ತಲೆ ಕೋಣೆಯೊಳಗೆ ಹೋಗಿ ತಡಕಾಡಿದ. ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು.

"ಅಜ್ಜ ಒಬ್ರು ಇದಾರೆ ಸಾರ್. ಆದ್ರೆ ತಲೆ ಕೈಯಲ್ಲಿ ಹಿಡ್ಕೊಂಡಿರ್ತಾರೆ. ಪರವಾಗಿಲ್ವಾ?"