ಅಂಗಡಿ ನನ್ನದು, ಸರ್ಟಿಫಿಕೇಟು ಆಕೀದು

ಮಸ್ಕಿಯಂಥ ಊರಿನಲ್ಲಿ ಔಷಧಿ ಅಂಗಡಿ ಇಟ್ಟವನಿಗೆ ನಗುವ ಸಂಗತಿಗಳಿಗೆ ಬರವಿಲ್ಲ. ದಿನಕ್ಕೊಂದಾದರೂ ನಡೆದೇ ನಡೆಯುತ್ತದೆ. ತೊಂದರೆ ಏನೆಂದರೆ, ನಡೆದ ಕೂಡಲೇ ಪಕ್ಕಕ್ಕೆ ತಿರುಗಿ ನಗೋಣವೆಂದರೆ ಈಗ ಪಕ್ಕದ ಖುರ್ಚಿಯಲ್ಲಿ ಹೆಂಡತಿ ಇಲ್ಲ. ಆಕೆ ಮುದಗಲ್ಲಿನ ಆಚೆ ಒಂದು ಹಳ್ಳಿಯ ಸರ್ಕಾರಿ ದವಾಖಾನೆಯಲ್ಲಿ ಫಾರ್ಮಾಸಿಸ್ಟ್. ಶನಿವಾರ ಸಂಜೆ ಬಂದು ಸೋಮವಾರ ಮುಂಜಾನೆ ಹೋಗುತ್ತಾಳೆ. ಆಕೆ ಬರುವ ತನಕ ನಗು ತಡೆದುಕೊಂಡು ಕೂಡಬೇಕು, ಶನಿವಾರ ಬರುವಷ್ಟರಲ್ಲಿ ಅದರಲ್ಲಿ ಅರ್ಧ ಮರೆತು ಹೋಗಿರುತ್ತದೆ. ಮರೆಯದೆ ಉಳಿದವು ಇವು.

ಜಾಗ ಸಾಲಲಿಲ್ಲ

ಮದುವೆಗೆ ಮೊದಲು ನಾನು ಸಿಂಧನೂರಿನ ಒಂದು ಏಜೆನ್ಸಿಯಲ್ಲಿದ್ದೆ. ಔಷಧಿ ಡಬ್ಬಿ ಹೊತ್ತು ಅಂಗಡಿ ಅಂಗಡಿಗೆ ಮುಟ್ಟಿಸುವ ಕೆಲಸ. ಅಂಥ ಒಂದು ಅಂಗಡಿಯಲ್ಲಿ ಈಕೆ ಫಾರ್ಮಾಸಿಸ್ಟ್ ಆಗಿ ಕೂತಿರುತ್ತಿದ್ದಳು. ಆ ಅಂಗಡಿಯವರು ಏನೂ ತರಿಸದ ದಿನವೂ ನಾನು ಅಲ್ಲಿಗೊಮ್ಮೆ ಹೋಗಿ ಬರುತ್ತಿದ್ದೆ. ಫಾರ್ಮಾಸಿಸ್ಟ್ ಸರ್ಟಿಫಿಕೇಟ್ ಇಲ್ಲದೆ ಔಷಧಿ ಅಂಗಡಿಗೆ ಲೈಸೆನ್ಸ್ ಸಿಗುವುದಿಲ್ಲ, ನನ್ನ ಹತ್ತಿರ ಅದು ಇರಲಿಲ್ಲ. ಮುಂದೆ ಮದುವೆಯಾಗಿ ಮಸ್ಕಿಯಲ್ಲಿ ಸ್ವಂತ ಅಂಗಡಿ ಹಾಕಿದಾಗ ಗೆಳೆಯರು, ನೀ ಹುಡುಗೀನ ಮಾಡ್ಕೊಂಡಿಲ್ಲ ಬಿಡು, ಸರ್ಟಿಫಿಕೇಟ್ ಮಾಡ್ಕೊಂಡೀದಿ ಎಂದು ಕಾಡಿದರು.

ಲೈಸೆನ್ಸ್ ಕೊಡುವ ಮೊದಲು ಡ್ರಗ್ ಇನ್ಸ್‌ಪೆಕ್ಟರ್ ಸಾಹೇಬರು ಜಾಗ ನೋಡಲು ಬಂದರು. ಅಂಗಡಿ ಇಷ್ಟೇ ಅಳತೆ ಇರಬೇಕೆಂದು ಕಾಯಿದೆ ಇದೆ. ನಾನು ಚಂದ ಕಾಣಲೆಂದು ಬಡಿಗೇರನನ್ನು ಕರೆಸಿ ಮೂರು ಕಡೆಗೂ ದಪ್ಪ ಕಪಾಟು ಹೊಡೆಸಿದ್ದೆ. ಸಾಹೇಬರು ಟೇಪು ಹಿಡಿದು ಕಪಾಟಿನಿಂದ ಕಪಾಟಿಗೆ ಅಳೆದು, ಜಾಗ ಕಡಿಮೆ ಬೀಳ್ತದ ಎಂದರು. ಹೆಂಡತಿ ಮೆಲ್ಲಗೆ, ಗ್ವಾಡಿಯಿಂದ ಗ್ವಾಡಿಗೆ ಹಿಡೀರಿ ಸಾರ್, ಕಪಾಟೂ ಅಂಗಡಿಯೊಳಗ ಬರ್ತದಲ್ರೀ ಎಂದಳು.

ಅವರು ಮತ್ತೆ ಅಳೆಯುತ್ತ ಫ್ರಿಜ್ಜಿನ ಉಷ್ಣತೆ ಎಷ್ಟಿರಬೇಕೆಂದು ಕೇಳಿದರು. ನಾನು ಮುಂದೆ ನುಗ್ಗಿ, ಛಲೋ ತಣ್ಣಗ ಐತ್ರಿ ಎಂದೆ. ಆಕೆ ಎರಡರಿಂದ ಎಂಟು ಡಿಗ್ರಿ ಎಂದಳು. ಅವಧಿ ಮೀರಿದ ಔಷಧಿ ಎಲ್ಲಿಡುತ್ತೀರಿ ಎಂದಾಗಲೂ ಉತ್ತರ ಕೊಡಲು ನಾನೇ ಬಾಯಿ ತೆರೆದೆ. ಸಾಹೇಬರು ಟೇಪು ಬಿಟ್ಟು ಆಕೆಯ ಕಡೆ ನೋಡಿದರು.

"ಇವರ್ಯಾರು?"

"ಅಂಗಡಿ ಮಾಲಕರು ಸಾರ್."

"ಇವರ‍್ನ ಸ್ವಲ್ಪ ಹೊರಗ ನಿಲ್ಲಸ್ರಿ. ಜಾಗ ಬರೋಬ್ಬರಿ ಆಗ್ತದ."

ಮೊಸರಿನ ಡಬ್ಬಿ

ನಮ್ಮ ಕಡೆ ಬಿಸಿಲು ಹೇಗಿರುತ್ತದೆಂದು ಹೇಳುವುದೇನೂ ಬೇಕಿಲ್ಲ. ಮುಂಜಾನೆ ತಂದ ಮೊಸರು ಮಧ್ಯಾಹ್ನಕ್ಕೆ ಹುಳಿ. ಒಂದು ದಿನ ಹೆಂಡತಿಯ ಕಣ್ಣು ತಪ್ಪಿಸಿ, ಔಷಧಿ ಬಿಟ್ಟು ಬೇರೇನೂ ಇಡಬಾರದ ಫ್ರಿಜ್ಜಿನಲ್ಲಿ ಇನ್ಸುಲಿನ್ ಡಬ್ಬಿಗಳ ಹಿಂದೆ ನನ್ನ ಮೊಸರಿನ ಡಬ್ಬಿ ಇಟ್ಟೆ. ಅವತ್ತೇ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬಂದರು. ರಿಜಿಸ್ಟರ್ ನೋಡಿದರು, ಬಿಲ್ ನೋಡಿದರು, ಎಲ್ಲಾ ಬರೋಬ್ಬರಿ ಇತ್ತು. ಕೊನೆಗೆ ಫ್ರಿಜ್ಜಿನ ಬಾಗಿಲು ತೆಗೆದು ಡಬ್ಬಿ ಹೊರಗೆ ತೆಗೆದರು. ಇದೇನು ಎಂದು ಕೇಳಿದ್ದು ನನ್ನನ್ನು. ನಾನು ಹೆಂಡತಿಯ ಮುಖ ನೋಡಿದೆ. ಏನಾದರೂ ಹೇಳಿ ಉಳಿಸುತ್ತಾಳೆ ಎಂಬ ಆಸೆ.

ಆಕೆ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಎರಡೂ ಕೈಯಲ್ಲಿ ಡಬ್ಬಿಯನ್ನು ಅವರ ಮುಂದೆ ಹಿಡಿದಳು.

"ಬ್ಯಾಚ್ ನಂಬರ್ ಇಲ್ಲ ಸಾರ್, ಎಕ್ಸ್‌ಪೈರಿ ಡೇಟೂ ಇಲ್ಲ. ಜಪ್ತಿ ಮಾಡ್ರಿ."

ಹಾರ ಹಾಕಿದ ಫೋಟೋ

ಸರ್ಕಾರಿ ಕೆಲಸದ ಪಟ್ಟಿಯಲ್ಲಿ ಹೆಸರು ಬಂದ ದಿನ ಆಕೆ ಸಂತೋಷವನ್ನೂ ತೋರಿಸಲಿಲ್ಲ, ದುಃಖವನ್ನೂ ತೋರಿಸಲಿಲ್ಲ. ಕಪಾಟು ಒರೆಸುತ್ತ, ಏನ ಮಾಡ್ಲಿ ಎಂದಳು. ಮದುವೆಗೆ ಮೊದಲಿನಿಂದಲೂ ಆ ಪರೀಕ್ಷೆಗೆ ಓದುತ್ತಿದ್ದವಳು. ಹೋಗು ಎಂದೆ. ಹೋಗು ಎಂದವನೂ ನಾನೇ, ಬಸ್ ಹತ್ತಿಸಿ ಬಂದು ಆಕೆಯ ಖುರ್ಚಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತವನೂ ನಾನೇ.

ಲಿಂಗಸುಗೂರಿನಿಂದ ನಿವೃತ್ತ ಫಾರ್ಮಾಸಿಸ್ಟ್ ಒಬ್ಬರು ದಿನಾ ಬಸ್ಸಿಗೆ ಬಂದು ಕೂಡಲು ಒಪ್ಪಿದರು. ಗೋಡೆಯ ಮೇಲೆ ಹೆಂಡತಿಯ ಸರ್ಟಿಫಿಕೇಟ್ ಇಳಿದು ಅವರದು ಏರಿತು. ಹಿರಿಯರು ಬಲು ಶಿಸ್ತಿನವರು. ಚೀಟಿ ನೋಡದೆ ಯಾರಿಗೂ ಗುಳಿಗೆ ಕೊಡುವವರಲ್ಲ. ಆದರೆ ಮಾತಿಲ್ಲ ಕತೆಯಿಲ್ಲ. ಇಡೀ ದಿನದಲ್ಲಿ ಅವರು ನನ್ನೊಂದಿಗೆ ಆಡಿದ ಮಾತನ್ನು ಗುಳಿಗೆಯ ಹಾಳೆಯ ಹಿಂದೆ ಬರೆಯಬಹುದು. ಅಂಗಡಿ ಬಿಕೋ ಎನ್ನುತ್ತಿತ್ತು. ಹೆಂಡತಿಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ದೇವರ ಪಟದ ಪಕ್ಕ ತೂಗು ಹಾಕಿದೆ.

ಆಯುಧ ಪೂಜೆ ಬಂತು. ಎಲ್ಲಾ ಪಟಕ್ಕೂ ಚೆಂಡು ಹೂವಿನ ಹಾರ ಹಾಕುತ್ತ ಆ ಫೋಟೋಕ್ಕೂ ಒಂದು ಹಾಕಿದೆ. ಬಿಡಲು ಮನಸ್ಸಾಗಲಿಲ್ಲ. ಮರುದಿನ ಸಾಲಗುಂದದ ಅಜ್ಜಿ ಬಂದಳು. ಮಗಳ ಮನೆಗೆ ಬಂದಾಗಲೆಲ್ಲ ಬಿಪಿ ಗುಳಿಗೆ ನಮ್ಮಲ್ಲೇ ಒಯ್ಯುವವಳು. ಹೆಂಡತಿಯನ್ನು ಬಿಟ್ಟರೆ ಬೇರೆ ಯಾರ ಕೈಯಿಂದಲೂ ಗುಳಿಗೆ ತೆಗೆದುಕೊಂಡವಳಲ್ಲ. ಗೋಡೆ ನೋಡಿದಳು, ಹಾರ ನೋಡಿದಳು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ದಾರಿಯಲ್ಲಿ ಹೋಗುವವರು ನಿಂತರು. ಯಾವಾಗ ಆತಪಾ, ನಮಗ ಒಂದ್ ಮಾತು ತಿಳಿಸಬಾರದಾ ಎಂದಳು. ಹಾಂಗಲ್ಲ ಅಜ್ಜಿ, ಕೆಲಸಕ್ಕ ಹೋಗ್ಯಾಳ ಎಂದರೆ ನಂಬಲೊಲ್ಲಳು. ದುಃಖಕ್ಕೆ ನನ್ನ ತಲೆ ಕೆಟ್ಟಿದೆ ಎಂದುಕೊಂಡಳೇನೋ, ನನ್ನ ಬೆನ್ನು ಸವರಿ ಇನ್ನೂ ಜೋರಾಗಿ ಅತ್ತಳು. ಕೊನೆಗೆ ಹೆಂಡತಿಗೆ ಫೋನ್ ಹಚ್ಚಿ ಅಜ್ಜಿಯ ಕಿವಿಗೆ ಹಿಡಿದೆ. ಆಕೆ ಆ ಕಡೆಯಿಂದ, ಅಜ್ಜಿ, ನಾ ಆರಾಮ ಅದೀನಿ, ಗುಳಗಿ ತಪ್ಪಸಬ್ಯಾಡ ಎಂದು ಹೇಳಿದ್ದು ನನಗೂ ಕೇಳಿಸಿತು.

ಅಜ್ಜಿ ಫೋನು ನೋಡಿದಳು, ಹಾರ ನೋಡಿದಳು, ದನಿ ತಗ್ಗಿಸಿ ಕೇಳಿದಳು.

"ಹೋದವರಿಗೂ ಅಲ್ಲಿ ಫೋನ್ ಕೊಡ್ತಾರೇನಪಾ ಈಗ?"

ಸಾಲಿನಲ್ಲಿ ನಿಂತದ್ದು

ಒಮ್ಮೆ ಎರಡು ವಾರ ಆಕೆಗೆ ಬರಲಾಗಲಿಲ್ಲ. ಜ್ವರದವರು ಹೆಚ್ಚಾಗಿ ಭಾನುವಾರವೂ ಡ್ಯೂಟಿ ಬಿದ್ದಿತ್ತು. ಮೂರನೆಯ ವಾರದ ನಡುವೆ ಒಂದು ಮುಂಜಾನೆ, ಅಂಗಡಿಯನ್ನು ಹಿರಿಯರಿಗೆ ಒಪ್ಪಿಸಿ, ಆಕೆಗೂ ತಿಳಿಸದೆ ಬಸ್ ಹತ್ತಿದೆ. ಲಿಂಗಸುಗೂರಿನಲ್ಲಿ ಒಂದು ಬಸ್, ಮುದಗಲ್ಲಿನಲ್ಲಿ ಇನ್ನೊಂದು. ದವಾಖಾನೆ ಮುಟ್ಟಿದಾಗ ಔಷಧಿ ಕಿಟಕಿಯ ಮುಂದೆ ಹನುಮಂತನ ಬಾಲದಂಥ ಸಾಲು. ನೆಟ್ಟಗೆ ಮುಂದೆ ಹೋದೆ. ಚೀಟಿ ಇಲ್ದ ಯಾರೂ ಬರಂಗಿಲ್ಲ ಎಂದು ಸಾಲಿನವರು ತಡೆದರು.

ಚೀಟಿ ಬೇಕೆಂದರೆ ಡಾಕ್ಟರನ್ನು ನೋಡಬೇಕು. ಹೋಗಿ ಕೂತೆ. ಡಾಕ್ಟರು ಹೊಸಬರು, ನನ್ನ ಗುರುತಿಲ್ಲ. ಏನು ತೊಂದರೆ ಎಂದರು. ಊಟ ಸೇರವಲ್ದು, ನಿದ್ದಿ ಬರವಲ್ದು ಎಂದೆ. ಸುಳ್ಳೇನೂ ಅಲ್ಲ. ಅವರು ನಾಡಿ ಹಿಡಿದು ನೋಡಿ ವಿಟಮಿನ್ ಗುಳಿಗೆ ಬರೆದರು.

ಸಾಲು ಇರುವೆಯಂತೆ ಸರಿಯಿತು. ನನ್ನ ಪಾಳಿ ಬಂತು. ಕಿಟಕಿಯ ಸಣ್ಣ ಕಂಡಿಯಲ್ಲಿ ಆಕೆಯ ಕೈ ಮತ್ತು ಹಸಿರು ಬಳೆ ಮಾತ್ರ ಕಾಣುತ್ತಿದ್ದವು. ಆಕೆ ತಲೆ ಎತ್ತದೆ ಚೀಟಿ ಎಳೆದುಕೊಂಡು, ಗುಳಿಗೆ ಎಣಿಸಿ ನನ್ನ ಕೈಗಿಟ್ಟು, ಎಲ್ಲರಿಗೂ ಹೇಳುವ ದನಿಯಲ್ಲಿ ಹೇಳಿದಳು.

"ದಿನಾ ಒಂದು, ಊಟ ಆದ ಮ್ಯಾಲೆ."

"ಊಟ ಯಾರ ಜೋಡಿ ಮಾಡಬೇಕ್ರೀ?" ಎಂದೆ.

ಮುಂದಿನ ಚೀಟಿಗೆ ಚಾಚಿದ ಕೈ ನಿಂತಿತು. ಆಕೆ ಬಗ್ಗಿ ಕಂಡಿಯಿಂದ ನೋಡಿದಳು. ಬೈಯುತ್ತಾಳೋ ಅಳುತ್ತಾಳೋ ನನಗೂ ತಿಳಿಯಲಿಲ್ಲ. ಮೊದಲು ಕೇಳಿದ್ದು, ಅಂಗಡಿಯಲ್ಲಿ ಫಾರ್ಮಾಸಿಸ್ಟ್ ಇದ್ದಾರೋ ಇಲ್ಲವೋ ಎಂದು. ಅದಾರ ಎಂದೆ. ಆಮೇಲೆ ನನ್ನ ಕೈಯಲ್ಲಿದ್ದ ಗುಳಿಗೆಯನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಳು.

"ಇವು ನಿಮಗ ಬ್ಯಾಡ. ಬೇವಿನ ಗಿಡದ ಕೆಳಗ ಕುಂದರ‍್ರಿ. ಒಂದೂವರಿಗೆ ಬುತ್ತಿ ತರ‍್ತೀನಿ, ಇಬ್ಬರೂ ಕೂಡಿ ಉಣ್ಣೂಣು."

ನನ್ನ ಹಿಂದೆ ನಿಂತ ಮುದುಕ ಇದೆಲ್ಲವನ್ನೂ ಕಿವಿಗೊಟ್ಟು ಕೇಳಿದ್ದ. ನಾನು ಪಕ್ಕಕ್ಕೆ ಸರಿದ ಕೂಡಲೇ ತನ್ನ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಕಂಡಿಗೆ ಮುಖ ಕೊಟ್ಟ.

"ಮೇಡಂರೀ, ನನಗೂ ಗುಳಗಿ ಬ್ಯಾಡ. ಈಗ ಅವರಿಗೆ ಬುತ್ತಿ ಹೇಳಿದ್ರಲ್ಲ, ನನಗೂ ಅದನ್ನ ಕೊಡ್ರಿ."