ನಕ್ಷತ್ರ ಇಲ್ಲದ ಆಮೆ

ಆಮೆ ನಿಧಾನದ ಪ್ರಾಣಿ. ಅದನ್ನು ಹುಡುಕಲು ಹೊರಟವನಿಗೆ ಮಾತ್ರ ಫಜೀತಿಗಳು ಓಡೋಡಿ ಬಂದು ಸಿಗುತ್ತವೆ. ಜಮಖಂಡಿಯಲ್ಲಿ ಕೋಣೆ ಹಿಡಿದು, ಸುತ್ತಲಿನ ತಾಲೂಕುಗಳಲ್ಲಿ ಯಾವ ಆಮೆ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ನಮ್ಮ ಒಣ ನೆಲದಲ್ಲಿ ಸಿಗುವುದು ಬೆನ್ನ ಮೇಲೆ ಹಳದಿ ನಕ್ಷತ್ರಗಳಿರುವ ಆಮೆ. ಘಟ್ಟದ ಮಳೆಕಾಡಿನ ಆಮೆಗೆ ನಕ್ಷತ್ರವಿಲ್ಲ. ಕಂದು ಚಿಪ್ಪು, ಅಲ್ಲಲ್ಲಿ ಕಪ್ಪು ಕಲೆ. ಅಂಥದ್ದೊಂದು ಇಲ್ಲಿ ಸಿಕ್ಕರೆ ನನ್ನ ಹೆಸರು ನಿಲ್ಲುತ್ತದೆ ಎಂಬ ಆಸೆ ನನಗಿತ್ತು. ಮುಚ್ಚಿಡುವುದೇನು, ಬಹಳ ಇತ್ತು.

ಈಸು

ಅನಗವಾಡಿಯ ರೈತರೊಬ್ಬರು ಫೋನ್ ಮಾಡಿ, ನಕ್ಷತ್ರವಿಲ್ಲದ ಆಮೆ ಸಿಕ್ಕಿದೆ ಎಂದರು. ಓಡಿದೆ. ಅದನ್ನು ದನದ ನೀರಿನ ತೊಟ್ಟಿಯಲ್ಲಿ ಬಿಟ್ಟಿದ್ದರು. ಪಾಪ, ಒಂದು ಕಲ್ಲನ್ನು ಅಪ್ಪಿಕೊಂಡು ಕುತ್ತಿಗೆ ಮೇಲೆತ್ತಿ ಕೂತಿತ್ತು. ಮೈಮೇಲಿನ ಕೆಸರು ತೊಳೆದುಹೋಗಿ ನಕ್ಷತ್ರಗಳೆಲ್ಲ ಕಾಣುತ್ತಿದ್ದವು.

ಎತ್ತಿ ಹೊರಗಿಟ್ಟು ಹೇಳಿದೆ: "ಇದು ನೀರಾಗ ಇರೂ ಆಮಿ ಅಲ್ರಿ, ನೆಲದ ಮ್ಯಾಲ ಇರೂದು."

"ಹಂಗ ಅನ್ರಿ ಮತ್ತ! ಎರಡು ದಿನದಿಂದ ಈಸ ಕಲಸಾಕತ್ತೇನಿ, ಒಟ್ಟ ಕಲೀವಲ್ದು."

ಅಳತೆ

ಮುಧೋಳದಿಂದ ಇನ್ನೊಬ್ಬರ ಫೋನ್ ಬಂತು. ಸುಮ್ಮನೆ ಓಡುವುದು ಬೇಡವೆಂದು, ಅಳತೆ ತಿಳಿಯುವಂತೆ ಪಕ್ಕದಲ್ಲಿ ಏನಾದರೂ ಇಟ್ಟು ಫೋಟೋ ಕಳಿಸಿ ಎಂದೆ. ಬಂತು. ಫೋಟೋ ತುಂಬ ಅವರ ಬೇಟೆನಾಯಿ: ಮೈ ತೊಳೆದು, ಹೊಸ ಪಟ್ಟಿ ಕಟ್ಟಿ, ಎದೆ ಉಬ್ಬಿಸಿ ನಿಲ್ಲಿಸಿದ್ದರು. ಹಿಂಗಾಲಿನ ಹತ್ತಿರ ಅರ್ಧ ಆಮೆ.

"ಆಮಿ ಸರಿಯಾಗಿ ಕಾಣವಲ್ದಲ್ರಿ?"

"ಇರಲಿ ಬಿಡ್ರಿ. ನಾಯಿ ಎಷ್ಟು ಎತ್ತರ ಐತಿ ತಿಳೀಲಿ ಅಂತ ಅದನ್ನ ಇಟ್ಟೇನಿ."

ರಬಕವಿಯ ಹಿತ್ತಲು

ಮೂರನೆಯದು ಸಿಕ್ಕಿದ್ದು ರಬಕವಿಯ ಶಿಕ್ಷಕಿಯೊಬ್ಬರ ಹಿತ್ತಲಲ್ಲಿ. ಎರಡು ಸಲ ತೊಳೆದೆ, ನಕ್ಷತ್ರ ಬರಲಿಲ್ಲ. ಕಂದು ಚಿಪ್ಪು, ಅಲ್ಲಲ್ಲಿ ಕಪ್ಪು ಕಲೆ. ಮಳೆಕಾಡಿನ ಆಮೆಯೇ! ಅರಣ್ಯ ಇಲಾಖೆಯ ನಮ್ಮ ಸಾಹೇಬರಿಗೆ ಫೋನ್ ಮಾಡಿದೆ, ನಕ್ಷೆ ಬಿಚ್ಚಿ ರಬಕವಿಯ ಮೇಲೆ ಗುರುತನ್ನೂ ಹಾಕಿದೆ. ಮೊದಲು ಕೇಳಬೇಕಾದದ್ದನ್ನು ಆಮೇಲೆ ಕೇಳಿದೆ: "ಇದು ಎಲ್ಲಿ ಸಿಕ್ತರಿ?"

"ನಮ್ಮ ಮನಿಯವರು ಕೊಡಗಿನಾಗ ಸರ್ಕಾರಿ ನೌಕರಿ ಮಾಡ್ತಾರ್ರಿ. ಆಮಿ ಮನ್ಯಾಗಿದ್ರ ಲಗೂನ ಊರಿಗಿ ಟ್ರಾನ್ಸ್‌ಫರ್ ಆಕ್ಕೈತಿ ಅಂತ ಯಾರೋ ಹೇಳಿದ್ರಂತ. ದೀಪಾವಳಿಗಿ ಚೀಲದಾಗ ತಂದ್ರು."

ಗುರುತು ಅಳಿಸಿದೆ. ಖರೆ ಹೇಳಬೇಕೆಂದರೆ ಅಳು ಬಂದಿತ್ತು. ಕಾಡಿನ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ಅವರಿಗೆ ತಿಳಿಸಿ, ಮತ್ತೆ ಸಾಹೇಬರಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಆದೇಶ ಬಂತು: ಆಮೆಯನ್ನು ಕೂಡಲೇ ಕೊಡಗಿಗೆ ಕಳಿಸತಕ್ಕದ್ದು.

ಶಿಕ್ಷಕಿ ಅದನ್ನು ಎರಡು ಸಲ ಓದಿದರು. "ಆರು ವರ್ಷದಿಂದ ಅವರು ಅರ್ಜಿ ಹಾಕಾಕತ್ತಾರ, ಒಂದು ಕಾಗದ ಬಂದಿಲ್ಲ. ಇದಕ್ಕ ಒಂದ ದಿನದಾಗ ಆರ್ಡರ್!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೆಯ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ಒಂದಿಷ್ಟೂ ನಗದೆ ಕೇಳಿದರು:

"ಹೆಂಗೂ ಇದು ಅಲ್ಲಿಗಿ ಹೊಂಟೈತಿ. ಅವರು ಇಲ್ಲಿಗಿ ಬರಲಿ. ಮ್ಯೂಚುವಲ್ ಟ್ರಾನ್ಸ್‌ಫರ್ ಅಂತ ಬರಸಾಕ ಬರ್ತೈತೇನ್ರಿ?"