ಹ್ಯಾಂಡ್‌ಬ್ರೇಕ್ ಇಲ್ಲದ ಕಾರಿನ ಅಕ್ಕ

ಹಳೇ ಕಾರು ಇಟ್ಟುಕೊಂಡವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಾರಿಯಲ್ಲಿ ಕಾದು ನಿಂತಿರುತ್ತವೆ, ಹೆಚ್ಚಾಗಿ ಏರಿನಲ್ಲಿ. ತೊಂಬತ್ತರ ದಶಕದ ಕೊನೆಯಲ್ಲಿ ಸಕಲೇಶಪುರದಲ್ಲಿ ನಮ್ಮದೊಂದು ಹಳೇ ಕಾರುಗಳ ಕ್ಲಬ್ಬಿತ್ತು. ಕಾಫಿ ಕೊಯ್ಲು ಮುಗಿದು, ಗಿಡಕ್ಕೆ ಹೂ ತರಿಸುವ ಹೂಮಳೆ ಬೀಳುವ ಮೊದಲು, ವರ್ಷಕ್ಕೊಮ್ಮೆ ಎಲ್ಲರೂ ಕಾರು ತೊಳೆದು ಉಜ್ಜಿಕೊಂಡು ಸೇರುತ್ತಿದ್ದೆವು. ಒಂದು ದಿನ ಊಟ, ಭಾಷಣ. ಮಾರನೇ ದಿನ ಸಾಲಾಗಿ ಹೆತ್ತೂರು ಕಡೆಗೋ ಆಲೂರು ಕಡೆಗೋ ಟೂರು.

ನಾನು ಕಾರ್ಯದರ್ಶಿ. ಪೇಟೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇದ್ದದ್ದು ಒಂದು ಅರ್ಹತೆ, ನನ್ನ ಕಾರು ಎಲ್ಲರದಕ್ಕಿಂತ ನಿಧಾನ ಎಂಬುದು ಇನ್ನೊಂದು. ಸಾಲಿನ ಕೊನೆಯಲ್ಲಿ ಹಗ್ಗ ಇಟ್ಟುಕೊಂಡು, ಕೆಟ್ಟು ನಿಂತವರನ್ನೆಲ್ಲ ಬಾಚಿಕೊಂಡು ಬರುವ ಕೆಲಸ ನನ್ನದು. ಮುಂದೆ ಹೋದವರಿಗೆ ಕಾಣದ್ದು ನನಗೆ ಕಾಣುತ್ತಿತ್ತು.

ಕಂಡದ್ದರಲ್ಲಿ ಹೆಚ್ಚಿನದು ನಮ್ಮ ಅಧ್ಯಕ್ಷರದು ಮತ್ತು ಅವರ ಹೆಂಡತಿಯದು. ನಾವೆಲ್ಲ ಅಕ್ಕ ಅನ್ನುತ್ತಿದ್ದ ಅವರು ಈಗಿಲ್ಲ. ಅದಕ್ಕೇ ಈ ಪ್ರಸಂಗಗಳನ್ನು ಹೇಳುವಾಗ ನಗುತ್ತೇನೆ, ಅರ್ಧದಲ್ಲಿ ಕನ್ನಡಕ ತೆಗೆದು ಒರೆಸುತ್ತೇನೆ.

ಸಾಹೇಬರಿಗೆ ಸಿಕ್ಕ ಕಾಣಿಕೆ

ಅಧ್ಯಕ್ಷರು ಹೆತ್ತೂರು ಕಡೆಯ ಪ್ಲಾಂಟರು. ಅವರದು ಅಪ್ಪನ ಕಾಲದ ಪುಟ್ಟ ಕಪ್ಪು ಕಾರು. ಅದರ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ. ಗೇರಿಗೆ ಹಾಕಿ ನಿಲ್ಲಿಸಿದರೆ ಇಳಿಜಾರಿನಲ್ಲಿ ಗೇರು ತಾನಾಗಿ ಹಾರಿಬಿಡುತ್ತಿತ್ತು. ನಮ್ಮ ಕಡೆ ಸಮತಟ್ಟಾದ ರಸ್ತೆ ಅನ್ನುವುದು ಎಲ್ಲಿದೆ? ಆದ್ದರಿಂದ ಅಕ್ಕ ಎಡಗಡೆಯ ಸೀಟಿನಲ್ಲಿ ಹೊನ್ನೆಮರದ ಒಂದು ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಸೀರೆಗೆ ಮಣ್ಣಾಗದಿರಲಿ ಎಂದು ಅದಕ್ಕೆ ಹಳೇ ರೇಷ್ಮೆ ಸೀರೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದಿದ್ದರು. ಅಧ್ಯಕ್ಷರು ಬ್ರೇಕ್ ತುಳಿದು "ಇವಳೇ!" ಅನ್ನುತ್ತಿದ್ದರು. ಅಷ್ಟೇ. ಅಕ್ಕ ಇಳಿದು ಆ ತುಂಡನ್ನು ಚಕ್ರಕ್ಕೆ ಅಡೆ ಕೊಡುತ್ತಿದ್ದರು. ಮತ್ತೆ ಹೊರಡುವಾಗ ಅಡೆ ತೆಗೆದು, ಕಾರು ತುಸು ಮುಂದೆ ಸರಿಯುವಷ್ಟರಲ್ಲಿ ಹತ್ತಿ ಕೂರುತ್ತಿದ್ದರು.

ಒಂದು ವರ್ಷ ಬಾವುಟ ತೋರಿಸಿ ಟೂರು ಶುರು ಮಾಡಿಸಲು ದೊಡ್ಡ ಅಧಿಕಾರಿಯೊಬ್ಬರನ್ನು ಕರೆದಿದ್ದೆವು. ಅಕ್ಕ ಅಡೆ ತೆಗೆದು, ಧೂಳು ಕೊಡವಿ, ಚೀಲಕ್ಕೆ ಹಾಕಿಕೊಂಡು ಎದ್ದರು. ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಕೈಯಲ್ಲಿ ರೇಷ್ಮೆ ಬಟ್ಟೆಯ ಗಂಟು ಹಿಡಿದ ಹೆಂಗಸನ್ನು ನೋಡಿ ಸಾಹೇಬರು ತಮಗೇ ಸನ್ಮಾನ ಅಂದುಕೊಂಡರು. ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿ, "ಇದೆಲ್ಲ ಯಾಕಮ್ಮಾ?" ಅಂದರು. ಚಾಚಿದ ಕೈಗೆ ಇಲ್ಲ ಅನ್ನುವ ಅಭ್ಯಾಸ ಅಕ್ಕನಿಗೆ ಇರಲಿಲ್ಲ. ಕೊಟ್ಟುಬಿಟ್ಟರು. ಸಾಹೇಬರು ಅದನ್ನು ಕಣ್ಣಿಗೆ ಒತ್ತಿಕೊಂಡರು.

ಆವತ್ತೆಲ್ಲ ಅಕ್ಕ ರಸ್ತೆಬದಿಯ ಕಲ್ಲು ಆರಿಸಿ ಆರಿಸಿ ಅಡೆ ಕೊಟ್ಟರು. ಮನೆಗೆ ಹೋದಮೇಲೆ ಹೊನ್ನೆಮರದ್ದೇ ಇನ್ನೊಂದು ತುಂಡು ಕಡಿಸಿ, ಅದಕ್ಕೂ ರೇಷ್ಮೆ ಚೀಲ ಹೊಲಿದರು. ಸಾಹೇಬರ ಮನೆಯ ಶೋಕೇಸಿನಲ್ಲಿ ಮೊದಲಿನ ತುಂಡು ಈಗಲೂ ಇದೆಯಂತೆ. ಏನು ಅಂತ ಕೇಳಿದವರಿಗೆ ಅವರು, "ಮಲೆನಾಡಿನ ಯಾವುದೋ ಹಳೇ ಸಂಪ್ರದಾಯ" ಅನ್ನುತ್ತಾರಂತೆ.

ಎದುರು ಮಾತಿಲ್ಲದ ದಾರಿ

ಗಂಡ ಹೆಂಡತಿ ಕಾರಿನೊಳಗೆ ಒಂದೇ ಸಮನೆ ಮಾತಾಡುತ್ತಿದ್ದರು. ಅಂದರೆ ಜಗಳ. ಅಧ್ಯಕ್ಷರು ಏನೇ ಹೇಳಲಿ, ಅಕ್ಕನ ಕೊನೇ ಮಾತು, "ಮೊದ್ಲು ರಸ್ತೆ ನೋಡ್ರಿ, ನಿಮ್ಗೆ ಕಾರು ಓಡ್ಸಕ್ಕೆ ಬರಲ್ಲ."

ಹೆತ್ತೂರು ದಾರಿಯಲ್ಲಿ ಒಮ್ಮೆ ಟೀ ಕುಡಿದು ಎಲ್ಲರೂ ಹೊರಟರು. ಅಕ್ಕ ಅಡೆ ತೆಗೆದರು. ಅಷ್ಟರಲ್ಲಿ ಹಿಂದೆ ಲಾರಿಯೊಂದು ಬಂದು ಹಾರ್ನ್ ಹೊಡೆದು ಗಡಿಬಿಡಿ ಮಾಡಿತು. ಕಪ್ಪು ಕಾರು ಹೋಗಿಯೇಬಿಟ್ಟಿತು. ಕೊನೆಗೆ ಬಂದ ನನಗೆ ಕಂಡದ್ದು, ಮರದ ತುಂಡನ್ನು ಸೊಂಟದ ಮೇಲೆ ಕೂಸಿನ ಹಾಗೆ ಎತ್ತಿಕೊಂಡು ತಿರುವಿನಲ್ಲಿ ನಿಂತ ಅಕ್ಕ.

"ಬಿಟ್ಟೋಗ್ಬುಟ್ರಲ್ಲ ಅಕ್ಕ!" ಅಂದೆ.

"ಹೋಗ್ಲಿ ಬಿಡಪ್ಪ, ಎಲ್ಲಿಗ್ ಹೋಗ್ತಾರೆ? ನಿಲ್ಸೋಕೆ ನಾನೇ ಬೇಕಲ್ಲ" ಅಂತ ನಗುತ್ತಾ ಹತ್ತಿದರು.

ಅಧ್ಯಕ್ಷರು ಹೆತ್ತೂರಿನಲ್ಲಿ ಅಂಗೈ ಅಗಲದ ಒಂದು ಮಟ್ಟಸ ಜಾಗ ಹುಡುಕಿ, ಮುಖ ಬಾಡಿಸಿಕೊಂಡು ನಿಂತಿದ್ದರು. "ದಾರಿ ಉದ್ದಕ್ಕೂ ಮನೆಗೆ ಹಸಿರು ಬಣ್ಣ ಹೊಡ್ಸೋ ವಿಷ್ಯ ಹೇಳ್ಕೊಂಡ್ ಬಂದೆ ಕಣೋ. ಒಂದೂ ಎದುರು ಮಾತು ಬರ್ಲಿಲ್ಲ. ಒಪ್ಕೊಂಬುಟ್ಳು ಅಂತ ಖುಷಿಯಿಂದ ತಿರುಗಿ ನೋಡಿದ್ರೆ, ಸೀಟೇ ಖಾಲಿ!"

ರಿಪೇರಿ

ಸ್ಪೇರ್ ಪಾರ್ಟ್ಸ್ ಅಂಗಡಿಯವನಾಗಿ ನನಗೆ ಅವಮಾನ ಅನ್ನಿಸುತ್ತಿತ್ತು. ಒಂದು ವರ್ಷ ಅಧ್ಯಕ್ಷರನ್ನು ಹಿಡಿದು ಕೂರಿಸಿ, ಗೇರೂ ಹ್ಯಾಂಡ್‌ಬ್ರೇಕೂ ಎರಡನ್ನೂ ಸರಿ ಮಾಡಿಸಿದೆ. ಅಕ್ಕನಿಗೆ ವಯಸ್ಸಾಯಿತು, ಆರಾಮಾಗಿ ಕೂರಲಿ ಅಂತ ಅವರಿಗೂ ಅನ್ನಿಸಿತ್ತು.

ಆ ಸಲ ಅಕ್ಕ ಊರು ಬಿಟ್ಟಾಗಿನಿಂದ ಮಾತಿಲ್ಲ. ಬಾಳ್ಳುಪೇಟೆಯಲ್ಲಿ ಇಡ್ಲಿ ತಿನ್ನಲು ನಿಂತರೆ ಕಾರಿನಿಂದ ಇಳಿಯಲೇ ಇಲ್ಲ. ಅಧ್ಯಕ್ಷರು ಕಿಟಕಿಗೆ ಬಗ್ಗಿ, "ಹುಷಾರಿಲ್ವೇನೇ?" ಅಂದರು.

"ನಂಗೇನಾಗೈತೆ? ನಿಮ್ ಕಾರು ಸರಿಹೋಯ್ತಲ್ಲ. ಇನ್ನು ನಾನ್ಯಾಕೆ? ಗೊಬ್ಬರದ ಮೂಟೆ ಥರ ಕೂತ್ಕೊಂಡ್ ಬರೋಕಾ?"

ಅಧ್ಯಕ್ಷರು ಕಿಟಕಿಯಿಂದ ತಲೆ ಎತ್ತಿದರು. ಆಮೇಲೆ ನನ್ನ ಹತ್ತಿರ ಬಂದು ಸ್ಪ್ಯಾನರ್ ಕೇಳಿದರು. ಬಿಳೀ ಪಂಚೆ ಎತ್ತಿ ಕಟ್ಟಿ, ಹೆದ್ದಾರಿಯ ಪಕ್ಕದಲ್ಲಿ ಕಾರಿನ ಕೆಳಗೆ ನುಸುಳಿ, ನಾನು ಮಾಡಿಸಿದ ಹ್ಯಾಂಡ್‌ಬ್ರೇಕನ್ನು ಸಡಿಲ ಮಾಡಿ ಎದ್ದುಬಂದರು. ಗೇರಿನ ಕಡೆ ಅವರ ಕೈ ಹೋಗಲಿಲ್ಲ. ಅದೃಷ್ಟವೋ ಏನೋ, ಮನೆ ಮುಟ್ಟುವಷ್ಟರಲ್ಲಿ ಅದು ತಾನಾಗಿಯೇ ಕೆಟ್ಟಿತ್ತು.

ಅಕ್ಕ ಹಿಂದಿನ ಸೀಟಿನ ಕೆಳಗಿಂದ ಹೊನ್ನೆಮರದ ತುಂಡು ತೆಗೆದರು. ಬೇಡ ಅಂದಿದ್ದರೂ ತಂದಿದ್ದರು. ಆಮೇಲೆ ಇಳಿದು ಬಂದು ಎರಡು ಪ್ಲೇಟ್ ಇಡ್ಲಿ ತಿಂದರು.

ಮಂಚಕ್ಕೂ ಚಕ್ರ

ಇದನ್ನು ನಗುವ ಪ್ರಸಂಗ ಅನ್ನಬೇಕೋ ಬೇಡವೋ ನನಗೆ ಇನ್ನೂ ತಿಳಿಯದು. ಅಕ್ಕ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದರು. ರೋಗ ದೊಡ್ಡದು ಅಂತ ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೂ. ನಾವು ಕ್ಲಬ್ಬಿನವರು ಗೋಡೆಗೆ ಒರಗಿ ನಿಂತಿದ್ದೆವು. ಅಕ್ಕ ಸಣ್ಣ ದನಿಯಲ್ಲಿ, "ಈ ಮಂಚಕ್ಕೂ ಚಕ್ರ ಐತೆ. ಯಾರೂ ನೋಡಿಲ್ವಾ?" ಅಂದರು.

ಅಧ್ಯಕ್ಷರು ದಡಬಡ ಇಳಿದು ಹೋಗಿ, ಕಾರಿನಿಂದ ಅಡೆ ತಂದು ಮಂಚದ ಚಕ್ರಕ್ಕೆ ಕೊಟ್ಟರು. ಒಳಗೆ ಬಂದ ನರ್ಸಮ್ಮ ಅದನ್ನು ಎಡವಿ, "ಯಾರ್ರೀ ಈ ಕಟ್ಟಿಗೆ ತಂದಿಟ್ಟಿದ್ದು!" ಅಂತ ಕೂಗಾಡಿದರು.

"ಇರ್ಲಿ ಬಿಡವ್ವ," ಅಂದರು ಅಕ್ಕ. "ನಮ್ ಯಜಮಾನ್ರು ಜೀವಮಾನದಲ್ಲಿ ಒಂದೇ ಒಂದ್ಸಲ ಅಡೆ ಕೊಟ್ಟವ್ರೆ."

ಎಲ್ಲರೂ ನಕ್ಕೆವು. ನಕ್ಕು ಹೊರಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಅತ್ತೆವು. ಅಡೆಯೇನೋ ಕೊಟ್ಟರು, ಅಕ್ಕ ನಿಲ್ಲಲಿಲ್ಲ. ಆ ವಾರವೇ ಹೋದರು.

ಏರಿನಲ್ಲಿ

ಮಾರನೇ ವರ್ಷದ ಟೂರಿಗೆ ಅಧ್ಯಕ್ಷರು ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಬಂದರು, ಒಬ್ಬರೇ. ಎಡಗಡೆಯ ಸೀಟಿನಲ್ಲಿ ರೇಷ್ಮೆ ಚೀಲದ ಮರದ ತುಂಡು ಕೂತಿತ್ತು. "ಇದೇ ಕೊನೇದು ಕಣೋ. ಇದು ಮುಗುದ್ರೆ ಕಾರು ಯಾರಿಗಾದ್ರೂ ಕೊಟ್ಬುಡ್ತೀನಿ. ಒಬ್ನೇ ಓಡ್ಸೋ ಕಾರಲ್ಲ ಇದು" ಅಂದರು.

ಮುಂದಿನವರೆಲ್ಲ ಒಂದು ಏರಿನಲ್ಲಿ, ಕಣಿವೆ ಕಾಣುವ ಕಡೆ ನಿಂತರು. ನಾನು ಎಂದಿನಂತೆ ಕೊನೆಗೆ ಹೋಗಿ ಮುಟ್ಟಿದೆ. ನೋಡಿದರೆ ಎಲ್ಲರೂ ಕೈ ಕಟ್ಟಿಕೊಂಡು ತಲೆ ತಗ್ಗಿಸಿ ದೂರದಲ್ಲಿ ನಿಂತಿದ್ದಾರೆ. ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಕಪ್ಪು ಕಾರಿನೊಳಗೆ ಅಧ್ಯಕ್ಷರೊಬ್ಬರೇ.

ನಮ್ಮ ಕ್ಲಬ್ಬಿನ ಡಾಕ್ಟರು ನನ್ನನ್ನು ತಡೆದರು. "ಹೋಗ್ಬೇಡಿ. ಆಗಿಂದ 'ಇವಳೇ, ಇವಳೇ' ಅಂತ ಅಕ್ಕನ್ನ ಕರೀತಾ ಕೂತಿದಾರೆ. ದುಃಖ ಹೊರಗೆ ಬಂದ್ಬಿಡ್ಲಿ."

"ಮಧ್ಯ ಹಾರ್ನ್ ಹೊಡುದ್ರು. ಅಕ್ಕಂಗೆ ಗೌರವ ಅಂತ ನಾವೂ ಎಲ್ಲ ಕಾರಲ್ಲೂ ಹೊಡುದ್ವಿ" ಅಂದರು ಸದಸ್ಯರಲ್ಲೊಬ್ಬರಾದ ಮೆಣಸಿನ ವ್ಯಾಪಾರಿ, ಮೂಗು ಒರೆಸುತ್ತಾ.

ನಾನು ಕಾರಿನ ಹತ್ತಿರ ಹೋದೆ. ಅಧ್ಯಕ್ಷರ ಮುಖದಲ್ಲಿ ಬೆವರು, ಕಣ್ಣಲ್ಲಿ ನೀರು, ಬಲಗಾಲು ತೊಡೆಯವರೆಗೂ ಗಡಗಡ ನಡುಗುತ್ತಿತ್ತು. ಕಾಲು ಬ್ರೇಕಿನ ಮೇಲಿತ್ತು.

"ಅಡೆ ಕೊಡೋ ಮಾರಾಯ! ಕಾಲು ಬಿದ್ದೋಯ್ತು! ಇವ್ರೇನು ಪ್ರಾರ್ಥನೆಗೆ ನಿಂತವ್ರಾ?"

ನಾನು ಎಡಗಡೆಯ ಬಾಗಿಲು ತೆಗೆದು, ತುಂಡು ಎತ್ತಿಕೊಂಡು ಚಕ್ರಕ್ಕೆ ಕೊಟ್ಟೆ. ಅಧ್ಯಕ್ಷರು ಕಾಲು ತೆಗೆದು, ಸ್ಟಿಯರಿಂಗಿಗೆ ಹಣೆ ಆನಿಸಿದರು.

"ನಮ್ಮಲ್ಲಿ ಯಾರನ್ನಾದ್ರೂ ಹೆಸರಿಡಿದು ಕರೀಬಾರ್ದಿತ್ತಾ?" ಅಂದೆ.

"ಕರೀಬೇಕು ಅಂತ್ಲೇ ಬಾಯಿ ತೆಗ್ದೆ ಕಣೋ. ಏರಲ್ಲಿ ಬ್ರೇಕ್ ತುಳುದ್ರೆ ಬಾಯಿಗೆ ಅದೊಂದೇ ಬರ್ತೈತೆ, ಏನ್ ಮಾಡ್ಲಿ?"

ವಿಷಯ ಎಲ್ಲರಿಗೂ ತಿಳಿಯಿತು. ಮೊದಲು ಅಧ್ಯಕ್ಷರೇ ನಕ್ಕರು. ಆಮೇಲೆ ಡಾಕ್ಟರು ರಸ್ತೆಯಲ್ಲೇ ಕೂತು ನಕ್ಕರು. ಅಕ್ಕ ಹೋದ ಮೇಲೆ ನಾವು ಅಷ್ಟು ನಕ್ಕದ್ದು ಅದೇ ಮೊದಲು.

ಹೊರಡುವಾಗ ನನ್ನ ಕಾರನ್ನು ಡಾಕ್ಟರಿಗೆ ಒಪ್ಪಿಸಿದೆ, ಅವರ ಕಾರನ್ನು ಅವರ ಹೆಂಡತಿ ತಂದರು. ನಾನು ಅಡೆ ತೆಗೆದು, ಸರಿಯುವ ಕಾರಿಗೆ ಎದ್ದೂ ಬಿದ್ದೂ ಹತ್ತಿ, ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅಧ್ಯಕ್ಷರು ಕಾಫಿ ರೇಟು, ಮೆಣಸಿನ ಬಳ್ಳಿ, ಮನೆಗೆ ಹಸಿರು ಬಣ್ಣ ಅಂತ ಮಾತಾಡುತ್ತಲೇ ಇದ್ದರು. ಅಕ್ಕನ ಜಾಗದಲ್ಲಿ ಕೂತು ಏನು ಮಾತಾಡುವುದು? ನಾನು ಹೂಂ ಹೂಂ ಅನ್ನುವುದನ್ನೂ ಬಿಟ್ಟು ಹೊರಗೆ ನೋಡುತ್ತಾ ಕೂತೆ.

ಸ್ವಲ್ಪ ದೂರ ಹೋದಮೇಲೆ ಅವರ ಮಾತು ನಿಂತಿತು. ಮುಂದೆಯೇ ನೋಡುತ್ತಾ ಮೆಲ್ಲಗೆ, "ಒಂದು ಎದುರು ಮಾತಾದ್ರೂ ಆಡೋ ಮಾರಾಯ. ಸುಮ್ನಿದ್ರೆ ಪಕ್ಕಕ್ಕೆ ತಿರುಗಿ ನೋಡೋಕೆ ಭಯ ಆಗ್ತೈತೆ" ಅಂದರು.

ನಾನು ಹೇಳಿದೆ: "ಮೊದ್ಲು ರಸ್ತೆ ನೋಡ್ರಿ. ನಿಮ್ಗೆ ಕಾರು ಓಡ್ಸಕ್ಕೆ ಬರಲ್ಲ."

"ಹಾಂ, ಹಂಗನ್ನು," ಅಂದರು ಅಧ್ಯಕ್ಷರು. ತೋಳಿಗೆ ಕಣ್ಣು ಒರೆಸಿ ಗೇರು ಬದಲಿಸಿದರು. "ಮುಂದಿನ ವರ್ಷ ಬರೋವಾಗ ಒಂದು ರೇಷ್ಮೆ ಸೀರೆ ಉಟ್ಕೊಂಡ್ ಬಾ."